ಹದ ಬರುವ ತನಕ

(2024ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರ ಸಂಜೆ, ಮಾನ್ವಿ ತಾಲ್ಲೂಕಿನ ನಮ್ಮೂರ ಚರ್ಚಿನ ಅಂಗಳದಲ್ಲಿ ಆಡಿದ ಮಾತುಗಳಿವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಹುಡುಗರು ಬರೆದುಕೊಡಿ ಎಂದು ಗಂಟುಬಿದ್ದರು. ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟ್ ಹೋದಾಗ ಆಡಿದ ಹರಟೆ ಬಿಟ್ಟಿದ್ದೇನೆ.)

ಎಲ್ಲರಿಗೂ ವಂದನೆ. ಹಿಂದೆ ನಿಂತವರು ಮುಂದೆ ಬನ್ನಿ, ಜಮಖಾನೆ ಖಾಲಿ ಇದೆ.

ಪಾಸ್ಟರ್ ನನಗೆ ಕೊಟ್ಟ ವಿಷಯ ‘ದೇವರ ಸಮಯ ಮತ್ತು ನಮ್ಮ ನಿರೀಕ್ಷೆ’. ಫೋನಿನಲ್ಲಿ ಕೇಳಿದ ಕೂಡಲೇ ಒಲ್ಲೆ ಎಂದಿದ್ದೆ. ‘ದೇವರ ಸಮಯ’ ಅನ್ನುವ ಮಾತಿನ ಮೇಲೆ ನನಗೊಂದು ಸಿಟ್ಟಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮಣ್ಣಿನ ಮಾತು.

ನಮ್ಮಪ್ಪನಿಗೆ ಓದು ಬರುತ್ತಿರಲಿಲ್ಲ. ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ, ಉತ್ತರಿ ಮಳೆ ಹೊಡೆದು ಹೊಳವು ಕೊಟ್ಟ ಮೇಲೆ, ದಿನಾ ಬೆಳಗ್ಗೆ ಎರೆ ಹೊಲಕ್ಕೆ ಹೋಗುತ್ತಿದ್ದ. ಮೇಲಿನ ಒಣ ಮಣ್ಣನ್ನು ಕಾಲಿನಿಂದ ಸರಿಸಿ, ಕೆಳಗಿನದು ಒಂದು ಹಿಡಿ ತೆಗೆದು ಮುಷ್ಟಿ ಕಟ್ಟುತ್ತಿದ್ದ. ಮುಷ್ಟಿ ಬಿಚ್ಚಿದಾಗ ಮಣ್ಣು ಉಂಡೆಯಾಗಿರಬೇಕು. ಹೆಬ್ಬೆರಳಿನಿಂದ ಒತ್ತಿದರೆ ಆ ಉಂಡೆ ಉದುರಬೇಕು. ಉದುರದೆ ತಗ್ಗು ಬಿದ್ದು ಬೆರಳಿಗೆ ಅಂಟಿದರೆ ಇನ್ನೂ ಹಸಿ. ಉಂಡೆಯೇ ಕಟ್ಟದಿದ್ದರೆ ಹೊತ್ತು ಮೀರಿತು. ಅತ್ತ ಪಕ್ಕದ ಹೊಲದಲ್ಲಿ ಕೂರಿಗೆ ಹೂಡಿರುತ್ತಿದ್ದರು, ಇತ್ತ ಅವ್ವ ಬದುವಿನ ಮೇಲೆ ನಿಂತು ಬಯ್ಯುತ್ತಿದ್ದಳು. ಅಪ್ಪ ಮಣ್ಣನ್ನು ಕೈಯಿಂದ ಝಾಡಿಸಿಕೊಂಡು, “ಹದ ಬರ್ಲಿ ತಡಿ” ಎಂದು ಬೀಡಿ ಹಚ್ಚುತ್ತಿದ್ದ.

ಪಂಚಾಂಗ ಮಳೆಯ ನಕ್ಷತ್ರ ಹೇಳುತ್ತದೆ, ಹದ ಹೇಳುವುದಿಲ್ಲ. ಒಂದೇ ಮಳೆ, ಒಂದೇ ಊರು. ಆದರೂ ಮಡ್ಡಿ ನೆಲಕ್ಕೆ ಮೊದಲು ಹದ ಬರುತ್ತದೆ, ಹಳ್ಳದ ದಂಡೆಯ ಎರೆಗೆ ನಾಲ್ಕು ದಿನ ತಡ. ಅದಕ್ಕೆ ಹಳ್ಳದ ದಂಡೆಯವನು ಮಡ್ಡಿಯವನನ್ನು ನೋಡಿ ಹೊಟ್ಟೆಕಿಚ್ಚುಪಟ್ಟರೆ ಏನು ಮಾಡೋದು?

ತೊಗಲಿಗೂ ಹದ ಎನ್ನುತ್ತೇವೆ. ನಮ್ಮಜ್ಜ ತೊಗಲು ಹದ ಮಾಡುತ್ತಿದ್ದವನು. ಇಲ್ಲಿ ಕುಳಿತ ಬಹಳ ಮನೆಗಳ ಅಜ್ಜಂದಿರು ಅದೇ ಕೆಲಸ ಮಾಡಿದವರು, ಮುಚ್ಚಿಡುವುದೇನಿಲ್ಲ. ಹಸಿ ತೊಗಲು ಸುಣ್ಣದ ನೀರಿನಲ್ಲಿ ದಿನಗಟ್ಟಲೆ, ಕೂದಲು ಹೆರೆದ ಮೇಲೆ ತಂಗಡಿ ಗಿಡದ ಚಕ್ಕೆಯ ನೀರಿನಲ್ಲಿ ಮತ್ತೆ ದಿನಗಟ್ಟಲೆ. ಅವಸರ ಮಾಡಿದರೆ ಕೊಳೆಯುತ್ತದೆ, ಇಲ್ಲವೇ ಸೆಟೆದು ಬಿರಿಯುತ್ತದೆ. ಆ ಗುಂಡಿಯ ನಾತಕ್ಕೆ ಊರವರು ನಮ್ಮನ್ನು ಊರ ಹೊರಗೆ ಇಟ್ಟಿದ್ದರು. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಶಿಷ್ಯ ಪೇತ್ರ ಯೊಪ್ಪದಲ್ಲಿ ಬಹಳ ದಿನ ಇಳಿದುಕೊಂಡದ್ದು ಯಾರ ಮನೆಯಲ್ಲಿ? ಚರ್ಮಕಾರನಾದ ಸೀಮೋನನ ಮನೆಯಲ್ಲಿ. ಆ ಅಧ್ಯಾಯ ಓದುವಾಗ ನಮ್ಮಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ವಿಷಯಕ್ಕೆ ಬರುತ್ತೇನೆ. ಹೊಲದ ಹದವನ್ನು ನಾವು ಕಾಯುತ್ತೇವೆ. ತೊಗಲಿನ ಹದದಲ್ಲಿ ಕಾಯುವುದು ತೊಗಲೇ, ಬದಲಾಗುವುದೂ ತೊಗಲೇ. ದೇವರ ಕೈಯಲ್ಲಿ ನಾವು ಹೊಲದವರೋ ತೊಗಲೋ ಅನ್ನುವುದು ನನಗೆ ಬಹಳ ವರ್ಷ ಗೊತ್ತಾಗಿರಲಿಲ್ಲ.

ಯಾಕೋಬನ ಪತ್ರದ ಐದನೇ ಅಧ್ಯಾಯ ತೆಗೆಯಿರಿ. ಕರ್ತನು ಬರುವ ತನಕ ತಾಳ್ಮೆಯಿಂದಿರಿ ಎನ್ನುವಾಗ ಯಾಕೋಬ ತೋರಿಸುವುದು ಯಾಜಕನನ್ನಲ್ಲ, ಅರಸನನ್ನಲ್ಲ. ಒಕ್ಕಲು ಮಾಡುವವನನ್ನು. ಅವನು ಭೂಮಿಯ ಫಲಕ್ಕಾಗಿ ಮುಂಗಾರು ಹಿಂಗಾರು ಮಳೆಗಳನ್ನು ಕಾಯುತ್ತಾನಲ್ಲ, ಹಾಗೆ. ಇದನ್ನು ಓದಿದಾಗೆಲ್ಲ ನಾವು ನಮ್ಮ ಹೊಲವನ್ನೇ ನೆನೆಯುತ್ತೇವೆ: ಮುಂಗಾರಿಗೆ ಸಜ್ಜೆ, ತೊಗರಿ, ಹಿಂಗಾರಿಗೆ ಜೋಳ, ಕಡಲೆ. ಒಂದು ಹೋದರೆ ಇನ್ನೊಂದು. ಆದರೆ ಯಾಕೋಬನ ನಾಡಿನ ಲೆಕ್ಕ ಬೇರೆ. ಅಲ್ಲಿ ಮೊದಲ ಮಳೆ ಬೀಳುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಬೇಸಿಗೆಯೆಲ್ಲ ಕಲ್ಲಾಗಿದ್ದ ನೆಲ ಆಗ ಮೆತ್ತಗಾಗುತ್ತದೆ, ಬಿತ್ತುತ್ತಾರೆ. ಕಡೆಯ ಮಳೆ ಬರುವುದು ಮಾರ್ಚ್, ಏಪ್ರಿಲ್‌ನಲ್ಲಿ, ತೆನೆ ಕಾಳು ಕಟ್ಟುವ ವೇಳೆಗೆ. ಎರಡೂ ಮಳೆ ಒಂದೇ ಬೆಳೆಗೆ. ಮೊದಲನೆಯದು ಬಂತು, ಬಿತ್ತಿದ್ದಾಯಿತು, ಪೈರು ಎದೆಮಟ್ಟ ನಿಂತಿತು ಎಂದರೂ ಕೆಲಸ ಅರ್ಧವೇ ಆಗಿರುತ್ತದೆ. ಕ್ರಿಸ್ತನು ಒಮ್ಮೆ ಬಂದ, ಮತ್ತೆ ಬರುತ್ತಾನೆ ಎಂದು ನಂಬಿದ ಜನಕ್ಕೆ ಬರೆದ ಮಾತು ಅದು. ಅವರು ಎರಡು ಮಳೆಗಳ ನಡುವೆ ಇದ್ದರು. ನಾವೂ ಅಲ್ಲೇ ಇದ್ದೇವೆ. ಆಗಮನ ಕಾಲ ಅಂದರೆ ಬರೀ ಕ್ರಿಸ್‌ಮಸ್‌ಗೆ ನಕ್ಷತ್ರ ಕಟ್ಟುವ ಕಾಲ ಅಲ್ಲ ಎಂದು ಪಾಸ್ಟರ್ ಹೇಳುವುದು ಇದಕ್ಕೇ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕಾಲಕ್ಕೆ ಎರಡು ಮಾತಿವೆ. ಕ್ರೋನೊಸ್, ಉರುಳುವ ಕಾಲ. ದಿನ, ತಿಂಗಳು, ವರ್ಷ. ಇನ್ನೊಂದು ಕೈರೊಸ್. “ಕಾಲ ಪರಿಪೂರ್ಣವಾಯಿತು, ದೇವರ ರಾಜ್ಯ ಸಮೀಪಿಸಿತು” ಎಂದು ಯೇಸು ಗಲಿಲಾಯದಲ್ಲಿ ಸಾರಿದಾಗ ಮಾರ್ಕನು ಬರೆದದ್ದು ಕೈರೊಸ್. ಹಬ್ಬಕ್ಕೆ ಹೋಗು, ನಿನ್ನನ್ನು ಲೋಕಕ್ಕೆ ತೋರಿಸಿಕೋ ಎಂದು ತಮ್ಮಂದಿರು ಒತ್ತಾಯ ಮಾಡಿದಾಗ “ನನ್ನ ಸಮಯ ಇನ್ನೂ ಬಂದಿಲ್ಲ” ಎಂದನಲ್ಲ, ಅಲ್ಲೂ ಅದೇ. ನನಗೆ ಕೇಳಿದರೆ ಅದನ್ನು ನಮ್ಮ ಭಾಷೆಯಲ್ಲಿ ಹದ ಎಂದುಬಿಡುತ್ತೇನೆ. ಈ ಭೇದವನ್ನು ಬಹಳ ಎಳೆಯಬಾರದು, ಅದೂ ನಿಜ. ಕಾಲ ತುಂಬಿದಾಗ ದೇವರು ತನ್ನ ಮಗನನ್ನು ಕಳುಹಿಸಿದ ಎಂದು ಗಲಾತ್ಯದವರಿಗೆ ಬರೆಯುವಾಗ ಪೌಲ ಹಾಕಿದ್ದು ಕ್ರೋನೊಸ್ಸನ್ನೇ. ದಿನಗಳೂ ತುಂಬಬೇಕು. ಹೊಳವು ಕೊಟ್ಟು ನಾಲ್ಕು ದಿನ ಕಳೆಯದೆ ಹದ ಎಲ್ಲಿಂದ ಬಂದೀತು?

ಈಗ ಗೋಡೆ ಕ್ಯಾಲೆಂಡರಿಗೆ ಬರೋಣ. ನಿಮ್ಮೆಲ್ಲರ ಮನೆಯಲ್ಲೂ ಆ ವಚನ ಇದೆ. ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಅಹಿತದವಲ್ಲ, ಹಿತದವೇ, ನಿಮಗೆ ನಿರೀಕ್ಷೆ ಇರಲಿ ಎಂದೇ. ಹಿಂದೆ ಗುಲಾಬಿ ಹೂವು, ಜಲಪಾತ. ಹತ್ತನೇ ವಚನವನ್ನು ಯಾವ ಕ್ಯಾಲೆಂಡರೂ ಹಾಕುವುದಿಲ್ಲ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ ಅದು. ಹತ್ತರಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಕರೆದುಕೊಂಡು ಬರುತ್ತೇನೆ ಎಂದು. ಆ ಪತ್ರ ಓದಿಸಿಕೊಂಡ ನಲವತ್ತರ ಗಂಡಸು ಲೆಕ್ಕ ಹಾಕಿರುತ್ತಾನೆ: ನಾನಂತೂ ಊರು ನೋಡುವುದಿಲ್ಲ.

ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬೊಬ್ಬ ಪ್ರವಾದಿ ಬರುತ್ತಾನೆ. ಆಗ ಯೆರೆಮೀಯ ಹೆಗಲ ಮೇಲೆ ಮರದ ನೊಗ ಹೊತ್ತು ತಿರುಗುತ್ತಿದ್ದ, ಬಾಬೆಲಿನ ಅರಸನ ನೊಗಕ್ಕೆ ಕೊರಳು ಕೊಡಬೇಕಾದೀತು ಎಂದು ತೋರಿಸುವುದಕ್ಕೆ. ಹನನ್ಯ ಆಲಯದಲ್ಲಿ ಎಲ್ಲರ ಮುಂದೆ ಆ ನೊಗ ಕಿತ್ತು ಮುರಿದು ಹಾಕಿದ. ಎರಡೇ ವರ್ಷ, ಎಲ್ಲ ವಾಪಸ್ ಬರುತ್ತದೆ ಎಂದ. ಜನ ಆವತ್ತು ಯಾರಿಗೆ ಚಪ್ಪಾಳೆ ತಟ್ಟಿರಬಹುದು? ನಮ್ಮ ಕಡೆ ಉಜ್ಜೀವನ ಕೂಟಗಳಿಗೆ ಮೈಕು ಹಿಡಿದು ಬರುವ ಕೆಲವರು ‘ಮೂರು ತಿಂಗಳೊಳಗೆ ನೌಕರಿ’, ‘ಈ ವರ್ಷ ಮುಗಿಯುವುದರೊಳಗೆ ಮಗು’ ಎಂದು ತಾರೀಖು ಹಚ್ಚಿ ಆಶೀರ್ವಾದ ಮಾಡುತ್ತಾರೆ. ಹೆಸರು ಬೇಡ. ಆ ತಾರೀಖು ದಾಟಿದ ಮೇಲೆ ಯಾವ ಹೆಣ್ಣುಮಗಳು ಚರ್ಚಿಗೆ ಬರುವುದು ಬಿಟ್ಟಳು, ಯಾಕೆ ಬಿಟ್ಟಳು ಎಂದು ಕೇಳಲು ಅವರು ಮತ್ತೆ ಈ ಊರಿಗೆ ಬರುವುದಿಲ್ಲ. ದೇವರ ಸಮಯಕ್ಕೆ ತಾರೀಖು ಹಚ್ಚುವವರಲ್ಲಿ ಹನನ್ಯ ಮೊದಲನೆಯವನೂ ಅಲ್ಲ, ಕಡೆಯವನೂ ಅಲ್ಲ.

ಯೆರೆಮೀಯನ ಪತ್ರ ಒಂದು ಲೆಕ್ಕಕ್ಕೆ ಗುಳೆ ಹೋದವರಿಗೆ ಬಂದ ಪತ್ರ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ತಗಡಿನ ಶೆಡ್ಡಿನೊಳಗೆ ಮಲಗಿ ಬಂದವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಅಂಗಳ. ಶೆಡ್ಡಿನಲ್ಲಿ ಯಾರೂ ಗಿಡ ಹಚ್ಚುವುದಿಲ್ಲ, ಯಾಕೆಂದರೆ ನಾಳೆ ಏಳಬೇಕು. ದೇವರು ಅಂಥವರಿಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ. ಕಾಯಿರಿ ಎನ್ನುವುದಕ್ಕೆ ಆತನ ಅರ್ಥ ಅದು. ಕೈಕಟ್ಟಿ ಕೂರುವುದಲ್ಲ. ಅಪ್ಪ ಹದ ಕಾಯುವಾಗ ಬೀಡಿ ಸೇದುತ್ತಿದ್ದ ಎಂದೆ. ಪೂರ್ತಿ ಹೇಳಲಿಲ್ಲ. ಅದಕ್ಕೂ ಮೊದಲು ಮೂರು ಸಲ ಕುಂಟೆ ಹೊಡೆದು ಹರಗಿರುತ್ತಿದ್ದ, ಬದುವು ಹಾಕಿರುತ್ತಿದ್ದ, ಕೂರಿಗೆಯ ತಾಳು ಬಿಗಿ ಮಾಡಿಟ್ಟಿರುತ್ತಿದ್ದ.

ಈ ವರ್ಷದ್ದೇ ತಗೊಳ್ಳಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟು ಕೊಚ್ಚಿಹೋಯಿತು. ಮರುದಿನ ಈ ಊರಿನಲ್ಲಿ ಒಲೆ ಹೊತ್ತಿಸದ ಮನೆಗಳಿದ್ದವು, ಸುಳ್ಳಲ್ಲ. ನಾಟಿ ಮಾಡಿದ ಭತ್ತ ಗದ್ದೆಯಲ್ಲಿದೆ, ನೀರು ಹೊಳೆಗೆ ಹೋಗುತ್ತಿದೆ. ಎಡದಂಡೆ ಕಾಲುವೆಯ ಕೊನೆ ಭಾಗದವರು ನಾವು, ಡ್ಯಾಮು ತುಂಬಿದ ವರ್ಷವೂ ಗೇಜ್ ನೋಡುತ್ತಾ ಕೂರುವವರು. ಡ್ಯಾಮಿನ ಗೇಟುಗಳ ತಜ್ಞ, ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರು ಬಂದು ನಿಂತರು. ಹರಿಯುವ ನೀರಿನಲ್ಲೇ ಕಬ್ಬಿಣದ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಬಾಯಿ ಮುಚ್ಚಿಸಿದರು. ಆಮೇಲೆ ಮಲೆನಾಡಿನಲ್ಲಿ ಮಳೆ ಹಿಡಿಯಿತು, ಡ್ಯಾಮು ಮತ್ತೆ ತುಂಬಿತು. ಆ ವಾರ ನಾವಿಲ್ಲಿ ಪ್ರಾರ್ಥನೆ ಇಟ್ಟಿದ್ದೆವು. ಮಳೆಗೆ ದೇವರನ್ನು ಸ್ತುತಿಸಿದ್ದೇವೆ, ಸರಿ. ಆದರೆ ಆ ಸ್ಟಾಪ್‌ಲಾಗ್ ಇಲ್ಲದಿದ್ದರೆ ಆ ಮಳೆ ನಿಲ್ಲುತ್ತಿದ್ದುದು ಎಲ್ಲಿ?

ನಿಮ್ಮ ಕೈಯಲ್ಲಿರುವ ಸತ್ಯವೇದದ ಕಥೆಯೂ ಕಾಯ್ದ ಕಥೆಯೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ಜೊತೆಯವರೂ ಅನುವಾದಿಸಿದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ, ಬಳ್ಳಾರಿಯ ಬಿಸಿಲಿನಲ್ಲಿ. ಅವರ ಕನ್ನಡ ಒರಟಾಯಿತೆಂದು ಮುಂದಿನ ತಲೆಮಾರಿನವರು ಮತ್ತೆ ಕೂತು ತಿದ್ದಿದರು. ಹೀಗೆ ಕೈಯಿಂದ ಕೈಗೆ ಬಂದ ಈ ಪುಸ್ತಕದಲ್ಲಿ ‘ನಿರೀಕ್ಷೆ’ ಎಂಬ ಮಾತು ನೋಡಿ. ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಬಾಯಿಪಾಠ ಮಾಡಿದ್ದೇವೆ. ನಿರೀಕ್ಷೆ ಎಂದರೆ ನೋಡುವುದು. ಈಕ್ಷಣ ಎಂದರೆ ಕಣ್ಣು. ನಮ್ಮವರು ಕಾಯುತ್ತಿದ್ದೇನೆ ಎನ್ನುವುದಕ್ಕೆ “ಹಾದಿ ನೋಡಾಕತ್ತೀನಿ” ಎನ್ನುವುದಿಲ್ಲವೇ? ಕಾಯುವುದಕ್ಕೂ ಭರವಸೆ ಇಡುವುದಕ್ಕೂ ನಮ್ಮ ಸತ್ಯವೇದದಲ್ಲಿ ಒಂದೇ ಮಾತು. ಯಾರೂ ಬರುವುದಿಲ್ಲ ಎಂದು ಗೊತ್ತಾದವನು ಹಾದಿ ನೋಡುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾನೆ.

ನಾನೂ ಒಂದು ವರ್ಷ ಬಾಗಿಲು ಹಾಕಿಕೊಂಡಿದ್ದೆ.

2021ರ ಮೇ ತಿಂಗಳು. ನನ್ನ ತಮ್ಮ, ನಿಮಗೆಲ್ಲ ಗೊತ್ತು, ಈ ಚರ್ಚಿನಲ್ಲಿ ತಬಲ ಬಾರಿಸುತ್ತಿದ್ದವನು. ಜ್ವರ, ಉಸಿರು ಹಿಡಿಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದರು. ಎರಡನೆಯದರಲ್ಲಿ ಗೇಟೇ ತೆಗೆಯಲಿಲ್ಲ. ಮೂರನೆಯದಕ್ಕೆ ಹೋಗುವಾಗ ಆಕ್ಸಿಜನ್ ಇದ್ದ ಗಾಡಿ ಬರಬೇಕಿತ್ತು. ಬರುತ್ತೆ, ಬರುತ್ತೆ ಎಂದರು. ರಸ್ತೆ ಬದಿಯ ಬೇವಿನ ಮರದ ಕೆಳಗೆ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಗಾಡಿ ಬಂತು, ಎರಡು ತಾಸು ಆದ ಮೇಲೆ. ಆಗ ಅವನಿಗೆ ಅದರ ಅಗತ್ಯ ಇರಲಿಲ್ಲ. ಮಣ್ಣು ಮಾಡುವಾಗ ನಾವು ಐದು ಜನ. ಪಾಸ್ಟರ್ ಮಾಸ್ಕಿನೊಳಗಿಂದ ಓದಿದ್ದು ನನಗೆ ಅರ್ಧ ಕೇಳಿಸಲಿಲ್ಲ.

ಮೂರನೇ ದಿನ ಒಬ್ಬರು ಫೋನ್ ಮಾಡಿ, “ದೇವರ ಸಮಯ ಯಾವತ್ತೂ ತಪ್ಪಲ್ಲ ಬ್ರದರ್” ಎಂದರು. ಒಳ್ಳೆಯವರೇ. ನಾನು ಫೋನ್ ಇಟ್ಟೆ. ಆಮೇಲೆ ಒಂದು ವರ್ಷ ಚರ್ಚಿಗೆ ಬಂದರೂ ಕಡೆಯ ಬೆಂಚು, ಹಾಡಿಗೆ ಬಾಯಿ ತೆರೆಯುತ್ತಿರಲಿಲ್ಲ. ಈ ವಿಷಯ ಒಲ್ಲೆ ಎಂದದ್ದು ಯಾಕೆ ಎಂದು ಈಗ ತಿಳಿಯಿತಲ್ಲ.

ಆ ದಿನಗಳಲ್ಲಿ ಬೈಬಲಿನಲ್ಲಿ ನಾನು ಓದಬಹುದಾಗಿದ್ದದ್ದು ಒಂದೇ ಅಧ್ಯಾಯ, ಯೋಹಾನ 11. ಅದರಲ್ಲೂ ಒಬ್ಬ ತಮ್ಮ ಸಾಯುತ್ತಾನೆ. ಲಾಜರನಿಗೆ ಕಾಯಿಲೆ ಎಂದು ಸುದ್ದಿ ಹೋದರೆ ಯೇಸು ಇದ್ದಲ್ಲೇ ಇನ್ನೂ ಎರಡು ದಿನ ಉಳಿದ. ತಾನು ಅಲ್ಲಿ ಇಲ್ಲದ್ದಕ್ಕೆ ಸಂತೋಷ ಎಂದು ಶಿಷ್ಯರಿಗೆ ಹೇಳುತ್ತಾನೆ, ನೀವು ನಂಬುವಂತಾಗಲಿ ಎಂದು. ಆ ಮಾತನ್ನು ನನಗೆ ಇವತ್ತಿಗೂ ನುಂಗಲು ಆಗಿಲ್ಲ, ನುಂಗಿದ್ದೇನೆ ಎಂದು ಇಲ್ಲಿ ನಿಂತು ಸುಳ್ಳು ಹೇಳಲಾರೆ. ಬೇಥಾನ್ಯಕ್ಕೆ ಬರುವ ಹೊತ್ತಿಗೆ ನಾಲ್ಕು ದಿನ. ಮಾರ್ಥ ಊರ ಹೊರಗೇ ಎದುರಾಗಿ ಹೇಳಿದಳು: ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆಮೇಲೆ ಮರಿಯ ಬಂದು ಕಾಲಿಗೆ ಬಿದ್ದು ಅದೇ ಮಾತು. ಮನೆಯಲ್ಲಿ ಅಕ್ಕತಂಗಿಯರು ನಾಲ್ಕು ದಿನ ಅದನ್ನೇ ಆಡಿಕೊಂಡಿರಬೇಕು, ಇಲ್ಲದಿದ್ದರೆ ಇಬ್ಬರ ಬಾಯಲ್ಲೂ ಅಕ್ಷರ ತಪ್ಪದೆ ಹೇಗೆ ಬರುತ್ತದೆ?

ತಡ ಯಾಕಾಯಿತು ಎಂದು ಯೇಸು ಅವರಿಗೆ ವಿವರಿಸಲಿಲ್ಲ. ನನ್ನ ಸಮಯ ತಪ್ಪುವುದಿಲ್ಲ ತಂಗಿ ಎನ್ನಲಿಲ್ಲ. “ಅವನನ್ನು ಎಲ್ಲಿ ಇಟ್ಟಿದ್ದೀರಿ” ಎಂದು ಕೇಳಿದ. ಕಣ್ಣೀರು ಬಿಟ್ಟ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸಲಿದ್ದಾನೆ, ಅದು ಆತನಿಗೆ ಗೊತ್ತು, ಆದರೂ ಅತ್ತ. ನನಗೆ ಫೋನ್ ಮಾಡಿದವರು ಸ್ವಲ್ಪ ಅತ್ತಿದ್ದರೆ ಸಾಕಾಗುತ್ತಿತ್ತು. ಸಾವಿನ ಮನೆಗೆ ಹೋದಾಗ ದಯವಿಟ್ಟು ಆ ವಾಕ್ಯ ಹೇಳಬೇಡಿ. ಅದು ಸುಳ್ಳು ಎಂದಲ್ಲ. ಅದನ್ನು ಹೇಳುವ ಹಕ್ಕು ಹೊರಗಿನಿಂದ ಬಂದವರಿಗೆ ಇಲ್ಲ.

ಆ ವರ್ಷದ ಹಿಂಗಾರಿಗೆ ಹೊಲ ಬೀಳು ಬಿಡೋಣ ಎಂದಿದ್ದೆ. ತಮ್ಮನೇ ಮಾಡುತ್ತಿದ್ದ ಹೊಲ. ಅವನು ಫೆಬ್ರವರಿಯಲ್ಲಿ ರಾಶಿ ಮಾಡಿದಾಗ ಒಳ್ಳೆ ತೆನೆ ಆರಿಸಿ, ಬಡಿದು, ಬೂದಿ ಬೆರೆಸಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿ ಬೀಜ ಇಟ್ಟಿದ್ದ. ಬಾಯಿಗೆ ಸಗಣಿ ಸಾರಿಸಿ ಮುಚ್ಚಿದ ಗಡಿಗೆ. ಸೆಪ್ಟೆಂಬರಿನಲ್ಲಿ ಒಂದು ದಿನ ಅವನ ಹೆಂಡತಿ ಅದನ್ನು ಅಂಗಳಕ್ಕೆ ತಂದು ಒಡೆದಳು. “ಇನ್ನೊಂದು ವರ್ಷ ಇಟ್ಟರ ಹುಳ ಬೀಳ್ತದ ಮಾವ, ಬಿತ್ತೋಣು” ಎಂದಳು.

ಅಪ್ಪನ ಹದದ ಬಗ್ಗೆ ದೊಡ್ಡದಾಗಿ ಹೇಳಿದೆನಲ್ಲ, ಒಂದು ವರ್ಷ ಅವನು ಹದ ಕಾಯುತ್ತಾ ಕಾಯುತ್ತಾ ಹದವನ್ನೇ ಕಳೆದುಕೊಂಡಿದ್ದ. ಮಳೆ ಮತ್ತೆ ಹೊಡೆಯಿತು, ಆಮೇಲೆ ಒಮ್ಮೆಗೇ ಒಣ ಗಾಳಿ. ಆ ವರ್ಷ ನಾವು ಮನೆಮಂದಿಯೆಲ್ಲ ಗುಳೆ ಹೋದೆವು. ಆದ್ದರಿಂದ ಕಾಯ್ದವನಿಗೆ ಬೆಳೆ ಖಾತ್ರಿ ಎಂದು ನಾನು ಹೇಳುವುದಿಲ್ಲ, ಹೊಲ ಹಾಗೆ ಹೇಳುವುದೂ ಇಲ್ಲ. ಗಡಿಗೆ ಒಡೆದ ಮರುದಿನ ಬೆಳಗ್ಗೆ ನಾನೂ ಹೋಗಿ ಮುಷ್ಟಿ ಕಟ್ಟಿದೆ. ಉಂಡೆಯಾಯಿತು, ಒತ್ತಿದೆ, ಉದುರಿತು.

ಕೂರಿಗೆ ಹೂಡುವಾಗ ಗಂಡ ಇಲ್ಲದವಳು ಅದರ ಬೀಜದ ಬಟ್ಟಲಿಗೆ ಕೈ ಹಾಕಬಾರದು ಎಂಬ ಮಾತು ನಮ್ಮ ಕಡೆ ಇನ್ನೂ ಇದೆ. ಪಕ್ಕದ ಹೊಲದವರು ನಿಂತು ನೋಡಿದರು. ನಾನು ಎತ್ತು ಹೊಡೆದೆ. ಆಕೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ಬಂದಳು, ಬಟ್ಟಲಿಗೆ ಹಿಡಿ ಬಿಚ್ಚುತ್ತಾ. ಅಳುತ್ತಿದ್ದಳು, ಆದರೆ ಕೈ ನಡುಗಲಿಲ್ಲ. ಸಾಲು ಒಂದೇ ಸಮ ಬಿತ್ತು. ನಾಲ್ಕನೆಯ ಸಾಲಿನಲ್ಲಿ ತಿರುಗುವಾಗ, ಮೇ ತಿಂಗಳಲ್ಲಿ ಗುಂಡಿಯ ಬಳಿ ಅರ್ಧ ಕೇಳಿಸದೆ ಹೋದ ವಚನ ನನಗೆ ಪೂರ್ತಿ ನೆನಪಾಯಿತು. ಕೊರಿಂಥದವರಿಗೆ ಬರೆದ ಮೊದಲ ಪತ್ರ, ಹದಿನೈದನೇ ಅಧ್ಯಾಯ. ಸತ್ತವರ ದೇಹವನ್ನು ಹೂಳುತ್ತಾರೆ ಎಂದು ಪೌಲ ಬರೆಯುವುದಿಲ್ಲ. ಬಿತ್ತಲ್ಪಡುತ್ತದೆ ಎಂದು ಬರೆಯುತ್ತಾನೆ. ಬಲಹೀನವಾಗಿ ಬಿತ್ತಲ್ಪಡುತ್ತದೆ, ಬಲದಲ್ಲಿ ಎದ್ದು ಬರುತ್ತದೆ.

ಅಷ್ಟೇ ನೆನಪಾದದ್ದು. ಸಮಾಧಾನ ಆಯಿತು ಎಂದು ಹೇಳಲಾರೆ. ಎತ್ತುಗಳನ್ನು ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆ. “ಯಾಕ ಮಾವ?” ಎಂದಳು. ಏನಿಲ್ಲ ಎಂದು ಮತ್ತೆ ಹೊಡೆದೆ. ಆ ವರ್ಷ ಬೆಳೆ ಸಾಧಾರಣ. ಹಾಡಿಗೆ ನಾನು ಬಾಯಿ ತೆರೆದದ್ದು ಮುಂದಿನ ಈಸ್ಟರಿನಲ್ಲಿ, ಅದೂ ಕಡೆಯ ಬೆಂಚಿನಿಂದಲೇ. ತಮ್ಮನ ತಬಲ ಈಗ ಅವನ ಮಗನ ಹತ್ತಿರ ಇದೆ, ತಾಳ ಇನ್ನೂ ತಪ್ಪುತ್ತಾನೆ, ಇವತ್ತು ಮೊದಲನೇ ಹಾಡಿನಲ್ಲಿ ನೀವೇ ಕೇಳಿದಿರಿ. ಗಡಿಗೆ ಒಡೆದ ಹೆಣ್ಣುಮಗಳು ಅಲ್ಲಿ ಹಿಂದೆ ಚಹಾ ಕಾಸುತ್ತಿದ್ದಾಳೆ. ಈ ಸುದ್ದಿ ಮಾತ್ರ ಹೇಳಬೇಡ ಮಾವ ಎಂದು ಬರುವಾಗ ಎರಡು ಸಲ ಹೇಳಿದ್ದಳು. ಈಗ ಸೌಟು ಎತ್ತಿ ತೋರಿಸುತ್ತಿದ್ದಾಳೆ. ಸಿಟ್ಟಿಗೋ, ಚಹಾ ಆಯಿತು ಎನ್ನುವುದಕ್ಕೋ ತಿಳಿಯುತ್ತಿಲ್ಲ. ನಿಲ್ಲಿಸುತ್ತೇನೆ.